ದೇವರ ಕೋಣೆಯ ಬಾಗಿಲು

ಕಡಲು ಕರಾವಳಿಯನ್ನು ನುಂಗಿದ ಮೇಲೆ ದಿಲ್ಲಿಯ ಕಾನೂನು ಬಂತು: ಯಾರೇ ಮನೆ ಕಟ್ಟಲಿ, ನೆಲೆ ತಪ್ಪಿ ಬಂದವರಿಗೆ ಒಂದು ಕೋಣೆ ಬಿಡಬೇಕು. ಗದಗಿನವರು ನಕ್ಷೆಯಲ್ಲಿ ಆ ಕೋಣೆಗೆ ‘ದೇವರ ಕೋಣೆ’ ಎಂದು ಬರೆದುಬಿಡುತ್ತಿದ್ದರು. ದೇವರನ್ನು ಎಬ್ಬಿಸುವ ಧೈರ್ಯ ನಗರಸಭೆಯಲ್ಲಿ ಯಾರಿಗಿದೆ?

ಇಂದು ಚನ್ನವೀರಪ್ಪನ ನಕ್ಷೆಯಲ್ಲೂ ಅದೇ. ಅಧ್ಯಕ್ಷೆ ಸುಕನ್ಯಾ ಖಾರ್ವಿ ಅದನ್ನೇ ನೋಡುತ್ತ ಕೂತರು. ಭಟ್ಕಳ ಮುಳುಗಿದಾಗ ಅವರ ತಾಯಿ ಕೂಸಾಗಿದ್ದ ಸುಕನ್ಯಾರನ್ನು ಹೊತ್ತು ಇದೇ ಊರಿನ ಬಾಗಿಲುಗಳನ್ನು ತಟ್ಟಿದ್ದರು. ಅರ್ಜಿ ತಳ್ಳಿಹಾಕಿದರೆ ಈಗ, ಹಳೆ ಮನೆ ಕೆಡವಿ ಕೂತ ಇವನ ಸಂಸಾರ ಬೀದಿಗೆ.

“ಯಾವ ದೇವರನ್ನ ಇಡ್ತೀರಿ?”

“ಇನ್ನೂ ಬಂದಿಲ್ರಿ ಅಕ್ಕಾರ.”

ಸುಕನ್ಯಾ ಸಹಿ ಹಾಕಿದರು. “ಮಂಜೂರು ಮಾಡೇನಿ. ಆದ್ರ ಷರತ್ತು ಐತಿ. ಆ ಕೋಣಿ ಬಾಗಲಾ ಬೀದಿ ಕಡೆ ಇಡ್ರಿ. ಬರೋ ದೇವರ ಮೈಯೆಲ್ಲಾ ಒದ್ದಿ ಆಗಿರತೈತಿ, ಹೊರಗ ನಿಲ್ಲಿಸಬ್ಯಾಡ್ರಿ.”