ಪಾದ್ರಿಮನೆಯ ಹಿಂಬದಿ ಮೆಟ್ಟಿಲು

ಮೆಟ್ಟಿಲು ಕಿರುಗುಟ್ಟಿತು. ತಾಯಮ್ಮ ನಿಂತಲ್ಲೇ ನಿಂತಳು. ಗೋಡೆಯ ಆಚೆ ಮಾತು ಗಪ್ಪೆಂದು ನಿಂತಿತು.

"ಯಾರೋ ನಡೆದ ಹಾಗಾಯ್ತಲ್ಲ?" ಹೊಸ ಹೆಂಗಸೊಬ್ಬಳ ದನಿ.

"ಹೇಳಿದ್ನಲ್ಲಾ ಛಾಯಾ, ಈ ಮನೇಲಿ ದೆವ್ವ ಇದೆ ಅಂತ," ಮನೆಯೊಡತಿ ಲಾವಣ್ಯ ನಕ್ಕಳು. "ಏನೂ ಮಾಡಲ್ಲ ಬಿಡಿ."

ಅಮೆರಿಕದ ಈ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಇಂಥ ಮನೆ ಇನ್ನೊಂದಿಲ್ಲ. ಇಂಗ್ಲೆಂಡಿನಿಂದ ಬಂದ ಪಾದ್ರಿಯೊಬ್ಬ ತನ್ನೂರಿನ ಪಾದ್ರಿಮನೆಯ ಪಡಿಯಚ್ಚಿನಂತೆ ಕಟ್ಟಿಸಿದ್ದು: ಕಡಿದಾದ ಚಾವಣಿ, ಹೊರಚಾಚಿದ ಕಿಟಕಿ, ಓಕ್ ಹಲಗೆ ಹೊದ್ದ ಗೋಡೆ. ಸತ್ಯನಾರಾಯಣ ಪೂಜೆ ಮುಗಿದಿತ್ತು. ಹೊಸಬರು ಬಂದಾಗ ಮನೆಯೆಲ್ಲ ಸುತ್ತಿಸಿ ತೋರಿಸದೆ ಊಟಕ್ಕೆ ಕೂರಿಸುವುದುಂಟೇ?

ಛಾಯಾ ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿಸುವ ಆರ್ಕಿಟೆಕ್ಟ್. ಅರೋರಾದಿಂದ ಇಷ್ಟು ದೂರ ಡ್ರೈವ್ ಮಾಡಿಕೊಂಡು ಬಂದದ್ದೇ ಈ ಮನೆ ನೋಡಲು. ಈಗ ಅವಳ ಬೆರಳು ಹಲಗೆಯನ್ನು ತಟ್ಟುತ್ತಿತ್ತು, ತಾಯಮ್ಮನ ಕೆನ್ನೆಯಿಂದ ಗೇಣು ದೂರದಲ್ಲಿ.

"ಇಲ್ಲಿ ಟೊಳ್ಳು ಕಣ್ರೀ. ಇಂಥ ಮನೆಗಳಲ್ಲಿ ಕೆಲಸದವ್ರಿಗೇ ಅಂತ ಬೇರೆ ಮೆಟ್ಟಿಲು ಇರುತ್ತೆ. ಪಾದ್ರಿ ಮನೆಯವ್ರ ಕಣ್ಣಿಗೆ ಬೀಳಬಾರ್ದು ಅಂತ."

"ಅದನ್ನ ಯಾವತ್ತೋ ಮುಚ್ಚಿಬಿಟ್ವಿ," ಲಾವಣ್ಯ ತಟ್ಟನೆ ಅಂದಳು.

ಒಳಗಿನಿಂದ ಬಡಿಯಲೆಂದು ತಾಯಮ್ಮನ ಕೈ ಮೇಲೆದ್ದಿತು. ಹಾಗೇ ಇಳಿಯಿತು. ಈ ಮನೆ ಸೇರಿದ ಮೇಲೆ ಅವಳು ಹೊಸ್ತಿಲು ದಾಟಿಲ್ಲ. ಹಿಮ ಬಿದ್ದದ್ದು, ಕರಗಿದ್ದು, ಮತ್ತೆ ಬಿದ್ದದ್ದು ಎಲ್ಲವನ್ನೂ ಅಟ್ಟದ ಕಿಟಕಿಯಿಂದಲೇ ಕಂಡಳು. ಮದ್ದೂರಿನಲ್ಲಿ ಮಗಳು ಇಷ್ಟುಹೊತ್ತಿಗೆ ಮೈನೆರೆದಿರಬೇಕು; ಆರತಿ ಎತ್ತಿದವರು ಯಾರೋ. ಬಂದವರೆಲ್ಲ ಅವಳ ಹೆಜ್ಜೆ ಕೇಳಿ ಬೆಚ್ಚುತ್ತಾರೆ, ಹೋಗುವಾಗ ಅದನ್ನೇ ಮಾತಾಡಿಕೊಂಡು ಹೋಗುತ್ತಾರೆ. ನೋಡಿದವರಿಲ್ಲ. ಒಬ್ಬರಾದರೂ ನೋಡಲಿ, ಹೆಸರು ಕೇಳಲಿ ಎಂದು ಅವಳ ಜೀವ ಬಾಯಿಬಿಡುತ್ತಿತ್ತು.

ಇಲ್ಲಿ ಅವಳಿಗೆ ಇರುವುದು ಎರಡೇ ಕಟ್ಟಳೆ. ಹೊರಗಿನವರಿಗೆ ಕಾಣಿಸಿಕೊಳ್ಳಬಾರದು. ಗಂಟೆ ಕರೆದರೆ ಹೋಗದೆ ಇರಬಾರದು.

"ಅಯ್ಯೋ, ಹಳೇ ಗಂಟೆಯ ಹಗ್ಗ ಇನ್ನೂ ಇದೆ!" ಛಾಯಾಳ ದನಿ ಈಗ ಊಟದ ಕೋಣೆಯಿಂದ ಬಂತು.

"ಎಳೀಬೇಡಿ..."

ಗಂಟೆ ಮೊಳಗಿತು. ಮೆಟ್ಟಿಲ ಕತ್ತಲೆಲ್ಲ ಅದರಿಂದ ತುಂಬಿತು.

ತಾಯಮ್ಮನಿಗೆ ಎಷ್ಟೋ ಕಾಲದ ಮೇಲೆ ನಗು ಬಂತು. ಎರಡರಲ್ಲಿ ಒಂದು ಕಟ್ಟಳೆ ಮುರಿಯಲೇಬೇಕು, ಯಾವುದೆಂದು ಯೋಚಿಸಬೇಕಾಗಿರಲಿಲ್ಲ. ಸರಸರನೆ ಇಳಿದು ಮೂಲೆಯ ಹಲಗೆ ಬಾಗಿಲನ್ನು ತಳ್ಳಿದಳು.

ಯಾರದೋ ಕೈಯಿಂದ ಲೋಟ ಜಾರಿ ಒಡೆಯಿತು. ಯಾರೋ "ರಾಮ ರಾಮ" ಅಂದರು. ಲಾವಣ್ಯಳ ಮುಖದಲ್ಲಿ ರಕ್ತವೇ ಇರಲಿಲ್ಲ. ಛಾಯಾ ಮಾತ್ರ ಹಿಂದೆ ಸರಿಯದೆ, ಕೈ ಚಾಚಿ ತಾಯಮ್ಮನ ಮುಂಗೈ ಮುಟ್ಟಿದಳು. ಮುಟ್ಟಿದ್ದನ್ನು ಬಿಡಲಿಲ್ಲ.

"ಯಾರು ನೀವು? ಏನು ಬೇಕು ನಿಮಗೆ?"

"ತಾಯಮ್ಮ ಕಣವ್ವ. ನನ್ ಪಾಸ್‌ಪೋರ್ಟು ಇವರ ತಾವ ಅದೆ, ಇಸ್ಕೊಡು."