ಆಮೆಯ ಗಡ್ಡೆ

ಚಿಕ್ಕ ಆಮೆಯ ದವಡೆಯ ಹಿಂದೆ, ಕುತ್ತಿಗೆಯ ಬದಿಗೆ, ಅಡಿಕೆ ಗಾತ್ರದ ಗಡ್ಡೆ ಎದ್ದಿತ್ತು. ಬೆರಳಿಟ್ಟು ನೋಡಿದ ಸುಂಕಪ್ಪ ಕೆಂಡ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಯುದ್ಧ ಮುಗಿದ ಮರುವರ್ಷದ ಚಳಿಗಾಲ. ಬಳ್ಳಾರಿಗೆ ಮತ್ತೆ, ಕುತ್ತಿಗೆ ಕಂಕುಳಲ್ಲಿ ಗಡ್ಡೆ ಎಬ್ಬಿಸುವ ಪ್ಲೇಗು ಬಂದಿತ್ತು. ಸುಂಕಪ್ಪನ ಮನೆಯಿದ್ದ ಕೌಲ್ ಬಜಾರಿನಲ್ಲಿ ಗಡ್ಡೆ ಎಂಬ ಮಾತನ್ನೇ ಜನ ಬಾಯಿಬಿಟ್ಟು ಆಡುತ್ತಿರಲಿಲ್ಲ.

"ಯಾವಾಗಿಂದ ಐತಿ ಇದು?"

"ಮೂರ್ನಾಕು ದಿನಾತು" ಎಂದಳು ಏಳು ವರ್ಷದ ಮಗಳು ಜಡೆಮ್ಮ. "ಮೂಗಿನಾಗ ಗುಳ್ಳಿ ಬರತಾವಪ್ಪ. ಚಳಿ ಆಗೈತಿ ಅಂತ ನನ್ನ ಕೌದ್ಯಾಗ ಮಲಗಿಸಿಗೊಂಡಿದ್ನಿ."

ಸುಂಕಪ್ಪ ಮಗಳನ್ನು ಹತ್ತಿರಕ್ಕೆಳೆದು ಅವಳ ಕುತ್ತಿಗೆ, ಕಂಕುಳು ಮುಟ್ಟಿ ನೋಡಿದ. ಕಚಗುಳಿಯಾಗಿ ಅವಳು ನಕ್ಕಳು. ಗಂಟೇನೂ ಕೈಗೆ ಸಿಗಲಿಲ್ಲ. ಒಳಗೆ, ಹಗ್ಗಕ್ಕೆ ಇಳಿಬಿಟ್ಟ ಸೀರೆಯ ಮರೆಯಲ್ಲಿ, ಹನ್ನೊಂದು ದಿನದ ಬಾಣಂತಿ, ಹೆಂಡತಿ ಪಾರಮ್ಮ ಕೂಸಿಗೆ ಹಾಲೂಡಿಸುತ್ತಿದ್ದಳು. ಹಿಂದಿನ ವಾರ ಹಿಂಬದಿ ಓಣಿಯಲ್ಲಿ ಪ್ಲೇಗು ತಗುಲಿದ ಒಂದು ಮನೆಗೆ ಮುನ್ಸಿಪಾಲಿಟಿಯವರು ಬಂದು, ಮಾಡಿನ ಹಂಚು ತೆಗೆಸಿ, ಬಾಗಿಲಿಗೆ ಬೀಗ ಜಡಿದು, ಎಲ್ಲರನ್ನೂ ಊರಾಚೆಯ ತಡಿಕೆ ಗುಡಿಸಲಿಗೆ ಅಟ್ಟಿದ್ದರು. ಅಲ್ಲಿಯ ಥಂಡಿಗೆ ಆ ಮನೆಯ ತೊಟ್ಟಿಲ ಕೂಸು ಮೂರು ರಾತ್ರಿಯೂ ಬದುಕಲಿಲ್ಲ.

"ಏನಂತದು?" ಸೀರೆಯ ಮರೆಯಿಂದ ಪಾರಮ್ಮ ಕೇಳಿದಳು.

"ಏನಿಲ್ಲ. ಆಮಿಗೆ ಏನೋ ಕಡದೈತಿ."

ಪಾರಮ್ಮನ ಅಣ್ಣ ಗಾಡಿ ಹೊಡೆದುಕೊಂಡು ಬಂದಾಗ, ಕುರುಗೋಡಿನ ಗುಡ್ಡದಿಂದ ಸೋದರ ಸೊಸೆ ಜಡೆಮ್ಮನಿಗೆಂದು ಮೂರು ಆಮೆ ತಂದುಕೊಟ್ಟಿದ್ದ. ಬೆನ್ನ ತುಂಬ ಹಳದಿ ಚುಕ್ಕಿ, ಗೆರೆ. ಆಮೆ ಎಂದರೆ ನೀರಿನ ಜೀವ ತಾನೇ ಎಂದು ಸುಂಕಪ್ಪನೇ ಅವುಗಳನ್ನು ಸಾಬೂನಿನ ಹಳೇ ಪೆಟ್ಟಿಗೆಯಲ್ಲಿ ಹಾಕಿ ಬಚ್ಚಲ ಮೂಲೆಯಲ್ಲಿ ಇಟ್ಟಿದ್ದ. ಬ್ರೂಸ್‌ಪೇಟೆಯ ಜೋಳದ ಅಂಗಡಿಗೆ ಹಮಾಲಿಗೆ ಹೋಗುವ ಮುಂಚೆ ದಿನಾ ಒಂದು ತಂಬಿಗೆ ನೀರು ಸುರಿಯುವುದನ್ನೂ ಮರೆತವನಲ್ಲ.

ಒಯ್ದು ಹಾಳುಬಾವಿಗೆ ಎಸೆದುಬಿಡಲೆ ಎಂದುಕೊಂಡ. ಎಸೆದರೆ ಆಮೆ ಹೋದೀತು. ಮಗಳು ಮೂರು ರಾತ್ರಿ ಅದರ ಜೊತೆ ಮಲಗಿದ್ದು ಹೋದೀತೆ? ದನದ ದವಾಖಾನೆಯಲ್ಲಿ ತೋರಿಸಲೇಬೇಕು. ತೋರಿಸಿದ ಮೇಲೆ ಅಲ್ಲಿಯವರು ಮುನ್ಸಿಪಾಲಿಟಿಗೆ ಬರೆದು ಕಳಿಸಿದರೆ? ಆಮೆಯನ್ನು ರುಮಾಲಿನಲ್ಲಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಹೊಸ್ತಿಲು ದಾಟಿದ. ಪಕ್ಕದ ಮನೆಯ ಪಕ್ಕೀರಮ್ಮ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು.

"ಏನಪ್ಪಾ ಸುಂಕಪ್ಪ, ಕಂಕುಳಾಗ ಏನೋ ಮುಚ್ಚಿಗೊಂಡು ಹೊಂಟಿ? ನಿನಗ ಎದ್ದೈತೇನು ಮತ್ತ?" ಎಂದು ನಕ್ಕಳು.

"ಬಿಡ್ತು ಅನ್ನು ಅತ್ತಿ" ಎಂದು ಸುಂಕಪ್ಪ ದಾಪುಗಾಲು ಹಾಕಿದ.

ದನದ ದವಾಖಾನೆಯ ಕಾಂಪೌಂಡರ್ ಚಿದಾನಂದಪ್ಪ ಎಮ್ಮೆಯೊಂದರ ಗೊರಸು ತೊಳೆಯುತ್ತಿದ್ದ. ರುಮಾಲು ಬಿಚ್ಚಿದ್ದು ನೋಡಿ ಕೈ ಒರೆಸಿಕೊಂಡ. ಗಡ್ಡೆಯನ್ನು ಒತ್ತಿ ನೋಡಿದ. ಸುಂಕಪ್ಪ ಬಾಗಿಲ ಕಡೆ ಒಂದು ಕಣ್ಣಿಟ್ಟೇ ನಿಂತಿದ್ದ.

"ಸ್ವಾಮಿ, ನಿಮ್ಮ ಕಾಲು ಬೀಳತೀನಿ, ಕಾಗದ ಬರಿಬ್ಯಾಡ್ರಿ. ಮನಿಯಾಗ ಹಸಿ ಬಾಣಂತಿ ಅದಾಳ."

"ಯಾವ ಕಾಗದಲೇ?" ಚಿದಾನಂದಪ್ಪ ಕತ್ತಿಯ ತುದಿಯಿಂದ ಗಡ್ಡೆಯನ್ನು ಸೀಳಿದ. ಗಿಣ್ಣದಂಥ ಗಟ್ಟಿ ಕೀವು ಉಂಡೆಯಾಗಿ ಹೊರಬಿತ್ತು. "ಕಿವ್ಯಾಗ ಕೀವು ಕಟ್ಟೈತಿ, ಅಷ್ಟ. ಎಷ್ಟು ಅದಾವು?"

"ಮೂರ್ರಿ, ಇದ ಸಣ್ಣದು. ಒಂದ ಪೆಟ್ಟಿಗ್ಯಾಗ. ಬಚ್ಚಲದಾಗ."

"ಬಚ್ಚಲದಾಗ? ಇದು ಗುಡ್ಡದ ಆಮಿ, ಒಣ ನೆಲದಾಗ ಇರೋ ಜೀವ. ಅದನ್ನೊಯ್ದು ತೇವದಾಗ ಕೊಳಿಯಾಕ ಹಾಕೀಯಲ್ಲ. ದೊಡ್ಡವೆರಡೂ ಹಾಕಿದ್ದೆಲ್ಲ ತಿಂತಾವು, ಇದನ್ನ ಗುದ್ದಿ ಮೂಲಿಗೆ ಒತ್ತತಾವು. ಇನ್ನೇನಾಗಬೇಕು? ಇದನ್ನ ಬ್ಯಾರೆ ಇಡು. ಉಸುಕು ಹಾಕು, ಬಿಸಲು ಬೀಳಲಿ, ಸೊಪ್ಪು ಕೊಡು."

"ಹಂಗಾರ ಅದು... ಅದಲ್ಲೇನ್ರಿ?"

ಚಿದಾನಂದಪ್ಪ ಅಯೋಡಿನ್ ಹಚ್ಚುತ್ತ ಅವನ ಮುಖ ನೋಡಿ ಮೆತ್ತಗಾದ. "ಇಪ್ಪತ್ತು ವರ್ಷದಾಗ ಆಮಿಗೆ ಪ್ಲೇಗು ಬಂದದ್ದು ನಾ ಕಂಡಿಲ್ಲ. ಅಂಜೋದಾದ್ರ ಇಲಿಗೆ ಅಂಜು. ಹಾಡಹಗಲು ಹೊರಗ ಬಂದು, ಕುಡದಂಗ ತೂರಾಡಿ, ಕಾಲಾಗ ಸಿಕ್ಕರೂ ಓಡಲಾರದ ಇಲಿ. ಅಂಥಾದ್ದು ನಿಮ್ಮ ಮನಿಯಾಗ ಬಿದ್ದೈತೇನು?"

"ಇಲ್ರಿ. ದೇವರಾಣಿ ಇಲ್ಲ."

"ಮತ್ಯಾಕ ಜೀವ ಬಿಡ್ತಿ? ಹೋಗು."

ಬರುವಾಗ ಸುಂಕಪ್ಪನ ಕಾಲು ನೆಲಕ್ಕೆ ತಾಗಲಿಲ್ಲ. ಆಮೆಯನ್ನು ಎಲ್ಲರಿಗೂ ಕಾಣುವಂತೆ ಅಂಗೈ ಮೇಲೆ ಇಟ್ಟುಕೊಂಡೇ ಬಂದ. "ಆಮಿ ನೋಡತ್ತಿ, ಆಮಿ" ಎಂದು ಪಕ್ಕೀರಮ್ಮನಿಗೆ ತೋರಿಸಿದ. ದಾರಿಯಲ್ಲಿ ಎರಡು ಹಿಡಿ ಮೆಂತ್ಯದ ಸೊಪ್ಪನ್ನೂ ಕೊಂಡಿದ್ದ.

"ಜಡೀ, ಬಾರವ್ವ. ಇನ್ನ ಇದಕ್ಕ ಬ್ಯಾರೆ ಮನಿ ಮಾಡೋಣು" ಎಂದ.

ಬಚ್ಚಲಿನಿಂದ ಜಡೆಮ್ಮನ ದನಿ ಪಿಸುಗುಟ್ಟಿದಂತೆ ಬಂತು. "ಸದ್ದು ಮಾಡಬ್ಯಾಡಪ್ಪ, ಮಲಗೈತಿ."

ಅವಳು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಒಳಗೆ ಎರಡು ಆಮೆ, ಖಾಲಿಯಾದ ಮೂಲೆಯಲ್ಲಿ ಕೂಸಿನ ಕುಂಚಿಗೆ. ಕುಂಚಿಗೆಯ ಅಂಚಿನಿಂದ ಕಂದು ಬಾಲವೊಂದು ಹೊರಗೆ ಇಳಿಬಿದ್ದಿತ್ತು.

"ತೊಟ್ಟಿಲ ಕೆಳಗ ಬಂದಿತ್ತು" ಎಂದಳು ಜಡೆಮ್ಮ, ಅದರ ಬೆನ್ನು ಸವರುತ್ತ. "ಭಾಳ ಒಳ್ಳೇದಪ್ಪ ಇದು. ಮುಟ್ಟಿದ್ರೂ ಓಡೋದಿಲ್ಲ."