ಶನಿಯ ಎಳೆ

ತಮಿಳುನಾಡಿನ ಆಡಿ ತಿಂಗಳು, ಗಾಳಿ ಬಾಗಿಲು ಬಡಿಯುವ ಕಾಲ. ಬೆಳಗಿನ ಕಾಫಿ ಇನ್ನೂ ಒಲೆಯ ಮೇಲಿತ್ತು. ಅನ್ನೂರಿನ ನೇಕಾರರ ಬೀದಿಯಲ್ಲಿ ಜನನಿ ಹಾಕಿದ ಕೂಗಿಗೆ ಎದುರು ಮನೆಯವರೂ ಹೊರಗೆ ಬಂದರು.

"ತಾತಾ! ಇದನ್ನ ಯಾರು ಮುಟ್ಟಿದ್ದು?"

ಬಾಗಿಲ ಪಕ್ಕದ ತಿಣ್ಣೆಯ ಮೇಲೆ ಕೂತಿದ್ದ ಲಿಂಗಪ್ಪನ್ ತಲೆಯೆತ್ತಿ ನಕ್ಕರು. ಮೊದಲು ಕೈಮಗ್ಗ, ಆಮೇಲೆ ಪವರ್‌ಲೂಮ್. ಅದರ ಸದ್ದಿಗೆ ಕಿವಿ ಹೋಗಿತ್ತು, ಬೆರಳು ಹೋಗಿರಲಿಲ್ಲ. "ನಾನೇ ಕಣಮ್ಮಾ. ಒಂದು ಬಿಗಿ, ಒಂದು ಸಡಿಲ, ನೋಡಕ್ಕಾಗಲಿಲ್ಲ. ಎಲ್ಲಾ ಸಮ ಮಾಡಿಟ್ಟೆ."

ಮರದ ಪೆಟ್ಟಿಗೆಯ ಮೇಲೆ ಆರು ನೈಲಾನ್ ಎಳೆ, ಒಂದೊಂದೂ ಒಂದು ಗ್ರಹ. ಕೆಪ್ಲರ್ ಅಂತ ಹಳೇ ಕಾಲದ ಖಗೋಳ ಪಂಡಿತ, ಆಗ ಗೊತ್ತಿದ್ದ ಆರು ಗ್ರಹಕ್ಕೂ ವೇಗಕ್ಕೆ ತಕ್ಕ ಸ್ವರ ಉಂಟು ಅಂದಿದ್ದನಂತೆ. ನಿಧಾನ ನಡೆಯುವ ಶನಿಗೆ ತಗ್ಗು, ಓಡುವ ಬುಧನಿಗೆ ಮೇಲು. ಜನನಿ ವಾರವೆಲ್ಲ ಹಾಡು ಹೇಳಿಕೊಡುವ ಪಾಟ್ಟು ಟೀಚರ್ ಮನೆಗೆ ಅಲೆದು ಶ್ರುತಿ ಕೂಡಿಸಿದ್ದಳು. ಇವತ್ತು ಕೋಯಮತ್ತೂರಿನಲ್ಲಿ ಶಾಲೆ ಮಕ್ಕಳ ವಿಜ್ಞಾನ ಎಕ್ಸಿಬಿಷನ್, ಗೆದ್ದರೆ ಚೆನ್ನೈಗೆ. ಈಗ ಮೀಟಿದರೆ ಆರೂ ಒಂದೇ ಸ್ವರ.

"ಶನಿ ಸಡಿಲ ಇರಬೇಕು ತಾತಾ! ಶನಿ! ಶನಿ!"

ಒಳಗಿಂದ ಅವಳ ಅಮ್ಮ ಶೋಭನಾ ಬಂದಳು. "ಆಡಿ ಶುಕ್ರವಾರ, ಒಳ್ಳೇ ದಿನ, ಬೆಳಗ್ಗೆ ಬೆಳಗ್ಗೆ ಶನಿ ಶನಿ ಅಂತ ಕೂಗಬೇಡ್ವೇ. ಬೀದಿಯೋರು ತಾತಂಗೇ ಬೈತೀಯ ಅಂದ್ಕೋತಾರೆ."

"ಬೈತಾನೇ ಇರೋದು!"

"ಎಳೆ ಸಡಿಲ ಬಿಟ್ರೆ ಬಟ್ಟೆ ಕೆಡ್ತದೆ ಅಮ್ಮಿಣಿ," ಅಂದರು ಲಿಂಗಪ್ಪನ್ ಮೊಮ್ಮಗಳ ಕಡೆ ತಿರುಗಿ.

ಜನನಿ ಅವರ ಕಿವಿಗೇ ಬಾಯಿಟ್ಟಳು. "ಇದು ಬಟ್ಟೆಯಲ್ಲ, ಆಕಾಶ!"

"ಆಕಾಶ ಅಂದ್ರೆ ಇನ್ನೂ ಸಮ ಇರಬೇಕು."

"ನಿನ್ನಂಗೇ ಹಟ ಹಿಡಿದಿದ್ರು ಹಳೇ ಪಂಡಿತರೂ! ಗ್ರಹ ಹೋಗೋ ದಾರಿ ಚೊಕ್ಕ ವೃತ್ತವೇ ಇರಬೇಕು ಅಂತ. ಕಡೆಗೆ ಆ ಕೆಪ್ಲರ್ ಲೆಕ್ಕ ಹಾಕಿ ನೋಡಿದ್ರೆ ಅದು ಎಳೆದು ಉದ್ದ ಮಾಡಿದ ವೃತ್ತ, ಮೊಟ್ಟೆ ಥರ. ಆಕಾಶ ಯಾರ ಮಾತೂ ಕೇಳಲಿಲ್ಲ!"

ಲಿಂಗಪ್ಪನ್ ಆಕಾಶದ ಕಡೆ ನೋಡಿದರು. "ಹಂಗೆ ನೇಯ್ದು ತಂದಿದ್ರೆ ಅಂಗಡಿಯೋರು ಮುಖಕ್ಕೇ ಎಸೀತಿದ್ರು."

ಜನನಿ ಹಣೆ ಚಚ್ಚಿಕೊಂಡಳು. ಬಸ್ಸಿಗೆ ಹೊತ್ತಾಗಿತ್ತು. ಫೋನಿನಲ್ಲಿ ಶ್ರುತಿ ಹಾಕಿಕೊಂಡು ಬಿರಡೆ ತಿರುವತೊಡಗಿದಳು. ಬುಧನನ್ನು ಬಿಗಿದಾಗ ತಾತ ತಲೆಯಾಡಿಸಿದರು. ಗುರುವನ್ನು ಸಡಿಲಿಸಿದಳೋ ಇಲ್ಲವೋ, ಅವರ ಬೆರಳು ಪೆಟ್ಟಿಗೆಗೆ ಬಂತು.

"ಕೈ!" ಅಂದಳು ಜನನಿ.

ಕೈ ಹಿಂದೆ ಹೋಯಿತು, ಮತ್ತೆ ಬಂತು. ಹೊಡೆಯಬಾರದು ಅಂತ ಜನನಿ ತನ್ನ ಕೈಯನ್ನೇ ಹಿಡಿದುಕೊಂಡಳು. ಕಡೆಗೆ ಶೋಭನಾಳಿಗೆ ಸಾಕಾಯಿತು. "ಮಾವಾ, ಎರಡು ಕೈನೂ ತೊಡೆ ಕೆಳಗೆ ಇಟ್ಕೊಂಡು ಕೂತ್ಕೊಳ್ಳಿ!"

ಕೂತರು. ಮೊಮ್ಮಗಳು ಶನಿಯ ಎಳೆಯನ್ನು ಇನ್ನೇನು ಜೋಲು ಬೀಳುವಷ್ಟು ಬಿಡುವಾಗ ಕಣ್ಣು ಮುಚ್ಚಿಕೊಂಡರು, ಹಲ್ಲು ಕೀಳಿಸಿಕೊಳ್ಳುವವರ ಹಾಗೆ.

ಬಸ್ಸಿನವರೆಗೂ ಪೆಟ್ಟಿಗೆ ಹೊತ್ತು ತಂದದ್ದು ಅವರೇ. ಜನನಿ ಕಿಟಕಿ ಪಕ್ಕ ಕೂತು ಅದನ್ನು ಮಡಿಲಿಗೆ ತೆಗೆದುಕೊಂಡಳು. ಗಾಳಿ ನುಗ್ಗಿತು. ಆರು ಎಳೆಯೂ ತಮ್ಮ ತಮ್ಮ ಸ್ವರದಲ್ಲಿ ಗುಂಯ್ ಅಂದವು. ಕಂಡಕ್ಟರ್ ಸೀಟಿ ಊದುವುದು ಬಿಟ್ಟು ತಿರುಗಿ ನೋಡಿದ. ಕೆಳಗೆ ನಿಂತಿದ್ದ ತಾತನಿಗೆ ಅದೇನೂ ಕೇಳಿಸಲಿಲ್ಲ. ಒಂದು ಎಳೆ ಲೊಳಲೊಳ ಅಲ್ಲಾಡುವುದು ಮಾತ್ರ ಕಂಡಿತು.

"ಅಮ್ಮಿಣೀ, ಕಡೇದು ಸಡಿಲ ಅದೆ!"

ಆ ಆಡಿ ಶುಕ್ರವಾರ ಜನನಿ ಶನಿಯನ್ನು ಸಡಿಲವಾಗಿಯೇ ಮಡಿಲಲ್ಲಿಟ್ಟುಕೊಂಡು ಕೋಯಮತ್ತೂರಿಗೆ ಹೋದಳು. ಬಸ್ಸು ತಿರುವು ದಾಟಿದ ಮೇಲೂ ತಾತನ ಹೆಬ್ಬೆರಳು ತೋರುಬೆರಳು ಬರೀ ಗಾಳಿಯಲ್ಲಿ ಬಿರಡೆ ತಿರುವುತ್ತಲೇ ಇದ್ದವು.